ಹಳೆಯ ಪಿಕಪ್ ವಾಹನಕ್ಕೆ ಬದಲಿ ಸ್ಟೆಪ್ನಿ ಕ್ಯಾರಿಯರ್

ಫಸಲು ಸಾಗಿಸುವ ಹಳೆಯ ಪಿಕಪ್ ವಾಹನಗಳಲ್ಲಿ ಸ್ಟೆಪ್ನಿ ಚಕ್ರವು ಸಾಮಾನ್ಯವಾಗಿ ಹಿಂಬದಿಯ ತಳದಲ್ಲಿ ತೂಗುವುದು. ಕೆಸರೂ ರಸಗೊಬ್ಬರದ ಪುಡಿಯೂ ತಗುಲಿ ಅದರ ಕ್ಯಾರಿಯರ್ ಬೇಗನೆ ತುಕ್ಕು ಹಿಡಿಯುವುದು. ಟೊಮ್ಯಾಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟ ರೈತರೊಬ್ಬರು, ನಡುರಾತ್ರಿ ಪಂಕ್ಚರಾಗಲು ಚಕ್ರವನ್ನು ಕೆಳಗಿಳಿಸಲಾರದೆ, ಹರಾಜು ಮುಗಿದ ಮೇಲೆ ತಲುಪಿದುದನ್ನು ನಾನು ಕಂಡಿದ್ದೇನೆ. ಕ್ಯಾರಿಯರ್ ಮುರಿದು ಚಕ್ರವು ರಸ್ತೆಗೆ ಬಿದ್ದರಂತೂ ಹಿಂದೆ ಬರುವವರ ಪ್ರಾಣಕ್ಕೇ ಅಪಾಯ.

ಬದಲಿ ಕೊಳ್ಳುವ ಮುನ್ನ ವಾಹನದ ಮಾದರಿ, ತಯಾರಾದ ವರ್ಷ, ಬೋಲ್ಟಿನ ರಂಧ್ರಗಳ ನಡುವಣ ದೂರ ಮತ್ತು ಟೈರಿನ ಅಳತೆಗಳನ್ನು ಬರೆದುಕೊಳ್ಳತಕ್ಕದ್ದು. ಟೈರಿನ ಮಗ್ಗುಲಲ್ಲಿ 215/75 ಆರ್ 15 ಎಂದಿದ್ದರೆ ಅಗಲವು 215 ಮಿಲಿಮೀಟರು, ಮಗ್ಗುಲಿನ ಎತ್ತರವು ಅಗಲದ ಶೇಕಡ 75, ರಿಮ್ಮಿನ ವ್ಯಾಸವು 15 ಅಂಗುಲ. ಇಡೀ ಚಕ್ರದ ವ್ಯಾಸವು ಸುಮಾರು 70 ಸೆಂಟಿಮೀಟರು. ಕ್ಯಾರಿಯರು ಇಷ್ಟಕ್ಕೆ ಎಡೆಕೊಡಬೇಕು.

ಹಳೆಯ ಭಾಗವನ್ನೇ ಕೈಯಲ್ಲಿ ಒಯ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಾಗಲಿ, ಸಮೀಪದ ಗುಜರಿಯಲ್ಲಾಗಲಿ ಹೋಲಿಸಿ ನೋಡುವುದು ಲೇಸು. ಗುಜರಿಯದಾದರೆ ತಂತಿಹಗ್ಗದ ಎಳೆ ಹರಿದಿದೆಯೇ, ತಿರುಗಣೆಯು ಸರಾಗವಾಗಿ ತಿರುಗುವುದೇ ಎಂದು ಅಲ್ಲಿಯೇ ಪರೀಕ್ಷಿಸಬೇಕು. ಜೋಡಿಸಿದ ಬಳಿಕ ಸ್ವಲ್ಪ ದೂರ ಓಡಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯತಕ್ಕದ್ದು. ತಿಂಗಳಿಗೊಮ್ಮೆ ಚಕ್ರವನ್ನಿಳಿಸಿ, ಗಾಳಿ ನೋಡಿ, ತಿರುಗಣೆಗೆ ಎಣ್ಣೆ ಹಾಕುವ ಯಜಮಾನರು ನಡುದಾರಿಯಲ್ಲಿ ಫಸಲನ್ನು ಕೊಳೆಯಿಸಲಾರರು.