ಅಜ್ಜ-ಅಜ್ಜಿಯ ಆರು ತಿಂಗಳು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೋ ವಿದ್ಯಾನಗರದಲ್ಲೋ ಒಂದು ಮನೆಗೆ ಬೀಗ ಬಿದ್ದಿದೆ, ಪಕ್ಕದ ಮನೆಯವರು ಬಂದು ಗಿಡಗಳಿಗೆ ನೀರು ಹಾಕಿ ಹೋಗುತ್ತಿದ್ದಾರೆ ಎಂದರೆ ಓಣಿಯವರಿಗೆ ವಿಷಯ ಬಿಡಿಸಿ ಹೇಳಬೇಕಿಲ್ಲ. ಗಂಡ-ಹೆಂಡತಿ ಇಬ್ಬರೂ ಆರು ತಿಂಗಳಿಗೆಂದು ಅಮೆರಿಕಕ್ಕೆ ಹೋಗಿದ್ದಾರೆ. ಮಗಳ ಬಾಣಂತನವೋ ಮೊಮ್ಮಗನನ್ನು ನೋಡಿಕೊಳ್ಳುವುದೋ, ಎರಡರಲ್ಲೊಂದು. 1951ರಲ್ಲಿ ಶುರುವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಬಂದ ಜೆಜೆಎಂ ವೈದ್ಯಕೀಯ ಕಾಲೇಜು ಈ ಊರಿನ ಎಷ್ಟೋ ಮಕ್ಕಳಿಗೆ ಕಡಲಾಚೆಯ ದಾರಿ ತೋರಿಸಿದವು. ಹರಿಹರದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಮಕ್ಕಳೂ ಅದೇ ದಾರಿ ಹಿಡಿದರು. ಈಗ ಅವರ ಹಿಂದೆ ಹೆತ್ತವರ ಸರದಿ.

ಹೋದವರ ಕೆಲಸ ಬಾಣಂತನಕ್ಕೇ ಮುಗಿಯುವುದಿಲ್ಲ. ಮೊಮ್ಮಕ್ಕಳಿಗೆ ವಚನ ಹೇಳಿಕೊಡಬೇಕು, ಹಬ್ಬದ ಕ್ರಮ ತಿಳಿಸಬೇಕು, ಶನಿವಾರ-ಭಾನುವಾರ ದೇವಸ್ಥಾನದಲ್ಲಿ ಕೈಜೋಡಿಸಬೇಕು. ಯಾವ ಮಠವೂ ಅವರನ್ನು ನೇಮಿಸಿಲ್ಲ, ಯಾರೂ ಸಂಬಳ ಕೊಡುವುದಿಲ್ಲ. ಆದರೂ ಅವರು ಮಾಡುತ್ತಿರುವುದು ಪರದೇಶದಲ್ಲಿ ಧರ್ಮಸೇವೆಯೇ.

ಇದೇ ಕೆಲಸವನ್ನು ಅಚ್ಚುಕಟ್ಟಾಗಿ ವ್ಯವಸ್ಥೆ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್, ಅಂದರೆ ಜನ ಮಾರ್ಮನ್ನರು ಎಂದು ಕರೆಯುವ ಪಂಥ, ತನ್ನ ಹರೆಯದ ಹುಡುಗರನ್ನು ಎರಡು ವರ್ಷ ಧರ್ಮಪ್ರಚಾರಕ್ಕೆ ಕಳಿಸುವುದು ಪ್ರಸಿದ್ಧ. ನಿವೃತ್ತ ದಂಪತಿಗಳನ್ನೂ ಅದು ಹೀಗೆಯೇ ದೇಶ-ವಿದೇಶಗಳಿಗೆ ಕಳಿಸುತ್ತದೆಂಬುದು ಅಷ್ಟಾಗಿ ಗೊತ್ತಿಲ್ಲ. ಆರು ತಿಂಗಳಿನಿಂದ 23 ತಿಂಗಳವರೆಗೆ ಅವಧಿ. ಖರ್ಚು ಬಹುಪಾಲು ಅವರದೇ. ಹೊರಡುವ ಮೊದಲು ವೈದ್ಯಕೀಯ ತಪಾಸಣೆ ಆಗಬೇಕು, ಆರೋಗ್ಯ ವಿಮೆ ಇರಬೇಕು, ಚಿಕ್ಕದೊಂದು ತರಬೇತಿಯನ್ನೂ ಮುಗಿಸಬೇಕು. ಮನೆಮನೆ ಬಾಗಿಲು ತಟ್ಟುವ ಕಟ್ಟುಪಾಡು ಹರೆಯದವರಿಗೆ ಮಾತ್ರ. ಹಿರಿಯರ ಪಾಲಿಗೆ ಕಚೇರಿಯ ಲೆಕ್ಕಪತ್ರ, ಹರೆಯದ ಪ್ರಚಾರಕರ ಬಾಡಿಗೆ ಮನೆಗಳ ಉಸ್ತುವಾರಿ, ಕುಡಿಯುವ ನೀರು, ಆಸ್ಪತ್ರೆ ಉಪಕರಣಗಳಂಥ ನೆರವಿನ ಯೋಜನೆಗಳು. ಬಟ್ಟೆ ಒಗೆಯುವುದಕ್ಕೂ ಸಂತೆ ಮಾಡುವುದಕ್ಕೂ ವಾರದಲ್ಲೊಂದು ದಿನ ಬಿಡುವು. ಈ ಪಂಥದ ಬೆಂಗಳೂರು ಕೇಂದ್ರ 1993ರಿಂದ ಇದೆ.

ಪರದೇಶದ ದಂಪತಿಗಳು ಧರ್ಮಕಾರ್ಯಕ್ಕೆಂದು ಕನ್ನಡ ನೆಲಕ್ಕೆ ಬಂದದ್ದು ಇದೇ ಮೊದಲಲ್ಲ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಹೆಂಡತಿಯೊಂದಿಗೆ ಬೆಂಗಳೂರಿಗೆ ಬಂದವರು. ಐವತ್ತು ವರ್ಷ ಇಲ್ಲೇ ಸೇವೆ ಮಾಡಿ 1887ರಲ್ಲಿ ತೀರಿಕೊಂಡರು. ಅವರು ಬಂದ ವರ್ಷವೇ ಬೆಂಗಳೂರಿನಲ್ಲಿ ಹುಟ್ಟಿದ ಮಗ ಬಿ.ಎಲ್. ರೈಸ್. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದ ಈ ರೈಸರೇ ಹರಿಹರದ ಹರಿಹರೇಶ್ವರ ಗುಡಿಯ ಶಾಸನಗಳನ್ನು ಅಚ್ಚು ಮಾಡಿಸಿದವರು. ಹೊಯ್ಸಳ ವೀರನರಸಿಂಹನ ದಂಡನಾಯಕ ಪೋಳಾಳ್ವ 1224ರ ಸುಮಾರಿಗೆ ಆ ಗುಡಿ ಕಟ್ಟಿಸಿದ ಸಂಗತಿ ನಮಗೆ ತಿಳಿಯುವುದು ಅಲ್ಲಿನ ಶಾಸನದಿಂದಲೇ. ಇನ್ನೊಬ್ಬ ಮಗ ಇ.ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಮತಪ್ರಚಾರಕ್ಕೆ ಬಂದ ಮನೆತನದಿಂದ ನಮಗೆ ಗಟ್ಟಿಯಾಗಿ ದಕ್ಕಿದ್ದು ಈ ಕನ್ನಡದ ಕೆಲಸ.

ನಮ್ಮವರು ಕಡಲು ದಾಟುವುದಕ್ಕೆ ಮಾತ್ರ ಬಹುಕಾಲ ಅಡ್ಡಿಯಿತ್ತು. 2008ರಲ್ಲಿ ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರ ಪರ್ಯಾಯ ಬಂದಾಗ, ವಿದೇಶಕ್ಕೆ ಹೋಗಿಬಂದ ಯತಿ ಕೃಷ್ಣನ ಪೂಜೆ ಮಾಡಬಹುದೇ ಎಂದು ಉಳಿದ ಮಠಗಳಿಂದ ಆಕ್ಷೇಪ ಎದ್ದಿತ್ತು. ಅದೇ ಮಠದ ಕೃಷ್ಣ ವೃಂದಾವನ ಇಂದು ನ್ಯೂಜೆರ್ಸಿಯ ಎಡಿಸನ್‌ನಲ್ಲಿದೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರಿನಿಂದ ಬಸವಣ್ಣನವರ ಪ್ರತಿಮೆಯಿದೆ. ಯತಿಗಳಿಗೆ ಎದುರಾದ ಪ್ರಶ್ನೆ ಈ ಕಾಲದ ಗೃಹಸ್ಥರಿಗೆ ಎದುರಾಗಲಿಲ್ಲ. ಅವರು ಸದ್ದಿಲ್ಲದೆ ವಿಮಾನ ಹತ್ತಿದರು.

ಅವರ ಪೆಟ್ಟಿಗೆಯನ್ನೊಮ್ಮೆ ನೋಡಬೇಕು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿಯ ಕಟ್ಟು, ಮಂಡಕ್ಕಿ, ಹಳೆಯ ಪಂಚೆಯಲ್ಲಿ ಸುತ್ತಿದ ವಿಭೂತಿ ಗಟ್ಟಿ. ಹಸಿ ಕರಿಬೇವನ್ನು ಮಾತ್ರ ಒಯ್ಯುವಂತಿಲ್ಲ. ಕರಿಬೇವು, ಬಿಲ್ವ ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದವು. ಆ ಎಲೆಗಳ ಜೊತೆ ಬರುವ ಒಂದು ಪುಟ್ಟ ಕೀಟ ಕಿತ್ತಳೆ ತೋಟಗಳನ್ನೇ ಹಾಳುಮಾಡುವ ರೋಗ ಹರಡುತ್ತದೆಂದು ಅಮೆರಿಕದ ಕೃಷಿ ಇಲಾಖೆ ಇಂಥ ಎಲೆಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೀಗಾಗಿ ಊರಿನಲ್ಲಿ ಸೋಮವಾರ ತಪ್ಪದೆ ಬಿಲ್ವಪತ್ರೆ ಏರಿಸುತ್ತಿದ್ದವರು ಅಲ್ಲಿ ಹಿತ್ತಿಲ ಹೂವಿಗೆ ತೃಪ್ತಿಪಡುತ್ತಾರೆ.

ಇಷ್ಟಲಿಂಗ ಕಟ್ಟಿಕೊಂಡವರಿಗೆ ಪೂಜೆಗೆ ಗುಡಿಯೂ ಬೇಡ, ಪೂಜಾರಿಯೂ ಬೇಡ. ಎಡ ಅಂಗೈಯೇ ಪೀಠ. ದಾವಣಗೆರೆಯ ದೇವರಕೋಣೆಯಲ್ಲಿ ನಡೆಯುತ್ತಿದ್ದ ಪೂಜೆ ಟೆಕ್ಸಾಸಿನ ಮಲಗುವ ಕೋಣೆಯಲ್ಲೂ ಹಾಗೇ ನಡೆಯುತ್ತದೆ. ವಿಮಾನ ನಿಲ್ದಾಣದಲ್ಲಿ ಕೊರಳ ಬೆಳ್ಳಿ ಕರಡಿಗೆಗೆ ಯಂತ್ರ ಕೂಗಿದರೆ, ಭದ್ರತಾ ಸಿಬ್ಬಂದಿಗೆ ಅದೇನೆಂದು ವಿವರಿಸಬೇಕಾಗುತ್ತದೆ, ಅಷ್ಟೆ. ಮನೆಯೊಳಗಿನ ತೊಡಕು ಬೇರೆ: ಲೋಬಾನವನ್ನೋ ಕರ್ಪೂರವನ್ನೋ ಹಚ್ಚಿದರೆ ಚಾವಣಿಯ ಹೊಗೆ ಅಲಾರಂ ಹೊಡೆದುಕೊಳ್ಳತೊಡಗುತ್ತದೆ. ಎರಡನೇ ವಾರಕ್ಕೆಲ್ಲ ಅಜ್ಜಿ ಆರತಿಯನ್ನು ಕಿಟಕಿ ಪಕ್ಕಕ್ಕೆ ಸಾಗಿಸಿರುತ್ತಾರೆ.

ದಿನಚರಿ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ ತೆರ. ಬೆಳಿಗ್ಗೆ ಐದಕ್ಕೇ ಎಚ್ಚರ. ಚಳಿಗಾಲವಾದರೆ ಏಳರವರೆಗೂ ಕತ್ತಲು. ಸ್ನಾನ, ಪೂಜೆ, ಮೊಮ್ಮಕ್ಕಳ ಡಬ್ಬಿ, ಶಾಲೆಯ ಬಸ್ಸು. ಮಗ-ಸೊಸೆ ಕೆಲಸಕ್ಕೆ ಹೊರಟ ಮೇಲೆ ಊರಿಗೆ ಫೋನು. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗಿನ ಎಂಟು ಗಂಟೆಯೆಂದರೆ ಹರಿಹರದಲ್ಲಿ ಸಂಜೆ ಐದೂವರೆ. ಹೊಳೆಗೆ ನೀರು ಬಂತೇ, ಭತ್ತದ ರೇಟು ಎಷ್ಟು, ಬಾಡಿಗೆಯವರು ಬಾಡಿಗೆ ಕೊಟ್ಟರೇ ಎಂಬ ವಿಚಾರಣೆ. ಮಧ್ಯಾಹ್ನ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ. ಅಲ್ಲಿನ ಬೆಂಚಿನ ಮೇಲೆ ಗುಂಟೂರಿನವರು, ಸೂರತ್ತಿನವರು ಸಿಗುತ್ತಾರೆ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಸ್ನೇಹ ಬೆಳೆಯುತ್ತದೆ.

ವಾರದ ಕೊನೆಯಲ್ಲಿ ದೇವಸ್ಥಾನ. 1977ರಲ್ಲಿ ಪ್ರತಿಷ್ಠೆಯಾದ ನ್ಯೂಯಾರ್ಕ್ ಫ್ಲಶಿಂಗ್‌ನ ಗಣೇಶ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನು ದೋಸೆಗೆ ಹೆಸರುವಾಸಿ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಶಿವ, ವಿಷ್ಣು ಇಬ್ಬರೂ ಒಂದೇ ಸೂರಿನಡಿ ಇದ್ದಾರೆ; ಹರಿಹರದವರಿಗೆ ಅದೇನೂ ಹೊಸದಲ್ಲ. ಇಂಥ ಕಡೆಗಳಲ್ಲಿ ಅರ್ಚಕರು ಧಾರ್ಮಿಕ ಕೆಲಸಗಾರರ ವೀಸಾದಲ್ಲಿ ಬಂದವರು, ಹೆಚ್ಚೆಂದರೆ ಐದು ವರ್ಷ ಇರಬಹುದು. ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಚಪ್ಪಲಿ ಜೋಡಿಸುವುದು, ಪ್ರಸಾದ ಬಡಿಸುವುದು ಸ್ವಯಂಸೇವಕರ ಪಾಲು, ಅವರಲ್ಲಿ ಇಂಥ ಹಿರಿಯರೂ ಸೇರಿದ್ದಾರೆ. ಉತ್ತರ ಅಮೆರಿಕದ ವೀರಶೈವ ಸಮಾಜದ ಸಮಾವೇಶ, ಬಸವ ಜಯಂತಿ, ಕನ್ನಡ ಕೂಟಗಳ 'ಕನ್ನಡ ಕಲಿ' ತರಗತಿ ಇದ್ದರಂತೂ ಅಜ್ಜನಿಗೆ ಬಿಡುವಿಲ್ಲ. ಇಲ್ಲಿ ಪಂಚೆ ಉಡಲು ಹಿಂಜರಿಯುತ್ತಿದ್ದ ನಿವೃತ್ತ ಎಂಜಿನಿಯರ್ ಅಲ್ಲಿ ಜರತಾರಿ ರುಮಾಲು ಸುತ್ತಿ ವೇದಿಕೆ ಹತ್ತುವುದುಂಟು.

ಹಾಗೆಂದು ಎಲ್ಲ ಸುಖವಲ್ಲ. ಕಾರು ಓಡಿಸಲು ಬಾರದವರಿಗೆ ಬಹುತೇಕ ಊರುಗಳಲ್ಲಿ ಮನೆಯೇ ಜಗತ್ತು. ಮಗ ಬರುವವರೆಗೆ ಹಾಲೂ ತರಲಾಗದು. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆಂದು ನೆಪ ಹೇಳಿ ಹೊರಟು, ದಾರಿಯಲ್ಲಿ ಹತ್ತು ಜನರನ್ನು ಮಾತಾಡಿಸಿ ಬರುತ್ತಿದ್ದವರಿಗೆ ಇದು ಸಣ್ಣ ಶಿಕ್ಷೆಯಲ್ಲ. ಅದಕ್ಕಿಂತ ದೊಡ್ಡ ಚಿಂತೆ ಆರೋಗ್ಯದ್ದು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಅಲ್ಲಿನ ಸರ್ಕಾರದ ಹಿರಿಯರ ವಿಮೆ ಸಿಗದು. ಖಾಸಗಿ ವಿಮೆಗಳು ಮೊದಲೇ ಇದ್ದ ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಕೊಟ್ಟರೂ ಮಿತಿಯುಂಟು. ಅಷ್ಟೇ ಮುಖ್ಯವಾದ ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ: ದಣಿವು. ಅರವತ್ತೈದು ದಾಟಿದವರು ದಿನಕ್ಕೆ ಹತ್ತು ಗಂಟೆ ಎಳೆಮಗುವಿನ ಹಿಂದೆ ಓಡಾಡಿದರೆ ಮಂಡಿ ಸುಮ್ಮನಿರುವುದಿಲ್ಲ. ಬೇಸರವನ್ನು ಹೇಳಿಕೊಂಡರೆ ಮಕ್ಕಳು ನೊಂದುಕೊಂಡಾರೆಂದು ಇಬ್ಬರೂ ನುಂಗಿಕೊಳ್ಳುತ್ತಾರೆ.

ಮಾರ್ಮನ್ ದಂಪತಿಗೂ ನಮ್ಮ ಅಜ್ಜ-ಅಜ್ಜಿಗೂ ವ್ಯತ್ಯಾಸ ಇರುವುದು ಇಲ್ಲಿ. ಭಕ್ತಿಯಲ್ಲಾಗಲಿ ದುಡಿಮೆಯಲ್ಲಾಗಲಿ ನಮ್ಮವರು ಒಂದು ಕೈ ಕಡಿಮೆಯಿಲ್ಲ. ಕಡಿಮೆಯಿರುವುದು ಸಿದ್ಧತೆ. ಅವರಿಗೆ ಹೋಗುವ ಮುಂಚೆಯೇ ಕೆಲಸ ಏನು, ಎಷ್ಟು ದಿನ, ಬಿಡುವು ಯಾವಾಗ ಎಂಬುದು ಗೊತ್ತಿರುತ್ತದೆ. ನಮ್ಮಲ್ಲಿ ಟಿಕೆಟ್ ಬುಕ್ ಆಗುವುದಷ್ಟೇ ಸಿದ್ಧತೆ.

ಹೊರಡುವವರೂ ಕರೆಸಿಕೊಳ್ಳುವವರೂ ಕೆಲವು ಮಾತು ಮೊದಲೇ ಆಡಿಕೊಂಡರೆ ಒಳ್ಳೆಯದು. ವಿಮೆಯ ಷರತ್ತನ್ನು ಮಗನೇ ಕನ್ನಡದಲ್ಲಿ ಬಿಡಿಸಿ ಹೇಳಲಿ. ಔಷಧಿಯನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕು, ಗ್ರಂಥಾಲಯ ಇವೆಯೇ ಎಂದು ಕೇಳಿಕೊಳ್ಳಿ. ವಾರದಲ್ಲೊಂದು ದಿನವಾದರೂ ಮಗುವಿನ ಹೊಣೆ ಇಲ್ಲದ ರಜೆ ಬೇಕೆಂದು ಸಂಕೋಚವಿಲ್ಲದೆ ಹೇಳಿ. ದಾವಣಗೆರೆ, ಹರಿಹರದ ಮಠಗಳು, ಹಿರಿಯ ನಾಗರಿಕರ ಸಂಘಗಳು ಹೋಗಿಬಂದವರನ್ನೂ ಹೊರಟವರನ್ನೂ ತಿಂಗಳಿಗೊಮ್ಮೆ ಒಂದೆಡೆ ಕೂರಿಸಿ ಮಾತಾಡಿಸಿದರೆ ಅದೇ ಒಳ್ಳೆಯ ತರಬೇತಿ. ಅದಕ್ಕೆ ಬೇಕಾದ್ದು ಒಂದು ಸಭಾಂಗಣ ಮತ್ತು ಒಂದು ಸಂಜೆ; ಯಾರಾದರೂ ಮುಂದೆ ಬಂದು ಶುರುಮಾಡಬೇಕು.