ಹಲ್ಲಿನ ಡಾಕ್ಟರ ಹತ್ತಿರ ಮೊದಲನೇ ದಿನ

ಹಲ್ಲಿನ ಡಾಕ್ಟರು ಅಂದ್ರೆ ಇಕ್ಕಳ ಹಿಡ್ಕೊಂಡು ಹಲ್ಲು ಕೀಳೋರು ಅಂತ ನಮ್ಮಲ್ಲಿ ತುಂಬಾ ಜನ ಹೆದರುತ್ತಾರೆ. ಆದರೆ ಮೊದಲನೇ ದಿನ ಅವರು ಹೆಚ್ಚಾಗಿ ಮಾಡುವುದು ಎರಡೇ ಕೆಲಸ. ಕೇಳುವುದು, ನೋಡುವುದು.

ಮೊದಲು ಚೀಟಿ ಮಾಡಿಸಬೇಕು. ಎಲ್ಲಿ ನೋವು, ಎಷ್ಟು ದಿನದಿಂದ, ಯಾವುದಾದರೂ ಔಷಧಿ ಒಗ್ಗಲ್ವಾ ಅಂತ ಡಾಕ್ಟರು ಕೇಳುತ್ತಾರೆ. ಹಿಂದಕ್ಕೆ ವಾಲುವ ಕುರ್ಚಿಯಲ್ಲಿ ಕೂರಿಸಿ, ದೀಪ ಹಾಕಿ, ಪುಟ್ಟ ಕನ್ನಡಿ ಮತ್ತು ತೆಳ್ಳನೆಯ ಕಡ್ಡಿಯಿಂದ ಒಂದೊಂದೇ ಹಲ್ಲು ನೋಡುತ್ತಾರೆ. ಬೇಕಾದರೆ ಎಕ್ಸ್‌ರೇ ತೆಗೆಸುತ್ತಾರೆ. ನೋವಾದರೆ ಕೈ ಎತ್ತುತ್ತೀನಿ ಅಂತ ಮೊದಲೇ ಹೇಳಿರಿ.

ನಮ್ಮ ಕಡೆಯವರು ಇನ್ನೊಂದು ಮಾತು ತಪ್ಪದೆ ಹೇಳಬೇಕು. ಚಿಕ್ಕಂದಿನಿಂದ ಯಾವ ನೀರು ಕುಡಿದಿರಿ ಅಂತ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಳ್ಳಿಗಳಲ್ಲಿ ಹೆಚ್ಚಾಗಿ ಬೋರ್‌ವೆಲ್ ನೀರು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಎಷ್ಟೋ ಬೋರ್‌ವೆಲ್‌ಗಳಲ್ಲಿ ದಾಟಿದೆ. ಸುಮಾರು 8 ವರ್ಷದೊಳಗೆ, ಹಲ್ಲು ಒಸಡಿನ ಒಳಗೆ ಬೆಳೆಯುವಾಗ ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಬರುತ್ತದೆ.

ಅದು ಕೊಳೆಯಲ್ಲ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿದರೆ ಕಲೆ ಹೋಗಲ್ಲ, ಹಲ್ಲೇ ಸವೆಯುತ್ತೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಬೇಡಿ, ಡಾಕ್ಟರಿಗೆ ತೋರಿಸಿ. ಕಲೆಗೂ ಚಿಕಿತ್ಸೆ ಇದೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮನೆಯಲ್ಲಿ ಪುಟ್ಟ ತಮ್ಮ, ತಂಗಿ ಇದ್ದರೆ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸಿ. ಅವರ ಹಲ್ಲು ಇನ್ನೂ ಒಳಗೇ ಬೆಳೀತಾ ಇದೆ.