ದವಡೆಯ ಬಾವು ಮತ್ತು ಸ್ಥಾನ ತಪ್ಪಿದ ಗರಿ

ಅಂಟುವ ವೈರಸ್ಸಿನಿಂದ ಅಂಟದ ರೋಗ ಹುಟ್ಟೀತೆ? ಹುಟ್ಟೀತು. ಮಕ್ಕಳಿಗೆ ಬರುವ 'ಬರ್ಕಿಟ್ ಲಿಂಫೋಮಾ' ಎಂಬ ಕ್ಯಾನ್ಸರ್ ಅಂಥದೊಂದು.

೧೯೫೭ರಲ್ಲಿ ಯುಗಾಂಡಾದ ಕಂಪಾಲಾದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅವರು ದವಡೆ ವಿಪರೀತವಾಗಿ ಊದಿದ ಮಕ್ಕಳನ್ನು ಕಂಡರು. ೧೯೬೧ರಲ್ಲಿ ಲಂಡನ್ನಿನಲ್ಲಿ ಅವರ ಉಪನ್ಯಾಸವನ್ನು ಕೇಳಿದ ಆಂಟನಿ ಎಪ್‌ಸ್ಟೈನ್, ಆ ಗೆಡ್ಡೆಯ ಚೂರುಗಳನ್ನು ತರಿಸಿಕೊಂಡರು. ೧೯೬೪ರಲ್ಲಿ ಅವರೂ ಇವೊನ್ ಬಾರ್, ಬರ್ಟ್ ಅಚಾಂಗ್ ಇವರೂ ಅದರಲ್ಲಿ ಹೊಸ ವೈರಸ್ಸೊಂದನ್ನು ಕಂಡುದಾಗಿ ಪ್ರಕಟಿಸಿದರು. ಅದೇ ಎಪ್‌ಸ್ಟೈನ್-ಬಾರ್ ವೈರಸ್ಸು.

ಸೋಜಿಗವೆಂದರೆ, ಲೋಕದ ವಯಸ್ಕರಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಈ ವೈರಸ್ಸು ಇದೆ. ಎಂಜಲಿನ ಮೂಲಕ ಒಳಹೊಕ್ಕು, ರಕ್ತದ ಬಿಳಿಯ ಕಣಗಳಲ್ಲಿ ಆಜೀವವೂ ಅಡಗಿರುತ್ತದೆ. ಇಂಡಿ, ಸಿಂದಗಿಗಳಲ್ಲಿ ಇದನ್ನು ಓದುತ್ತಿರುವ ನಿಮ್ಮಲ್ಲೂ ಇದ್ದೀತು! ಹಾಗಿದ್ದರೆ ಎಲ್ಲರಿಗೂ ರೋಗವೇಕೆ ಬರುವುದಿಲ್ಲ?

ನಮ್ಮ ಜೀವಕೋಶಗಳಲ್ಲಿ ೨೩ ಜೋಡಿ ವರ್ಣತಂತುಗಳುಂಟು. ಅವನ್ನು ಓಲೆಗರಿಯ ಕಟ್ಟುಗಳೆಂದು ಭಾವಿಸಿರಿ. ಎಂಟನೆಯ ಕಟ್ಟಿನಲ್ಲಿ 'ಮಿಕ್' ಎಂಬ ಗರಿಯಿದೆ. 'ಒಂದು ಎರಡಾಗು' ಎಂಬುದು ಅದರ ಆಜ್ಞೆ. ಬೇಕಾದಾಗಲಷ್ಟೇ ಅದನ್ನು ಓದುವುದು. ಹದಿನಾಲ್ಕನೆಯದರಲ್ಲಿ ರೋಗನಿರೋಧಕ ವಸ್ತುವನ್ನು ತಯಾರಿಸುವ ಪಾಠವುಂಟು. 'ಬಿ' ಎಂಬ ಬಿಳಿಯ ಕಣಗಳು ಅದನ್ನು ಎಡೆಬಿಡದೆ ಓದುತ್ತವೆ. ಎಂಟರ ಗರಿ ಅಕಸ್ಮಾತ್ತಾಗಿ ಹದಿನಾಲ್ಕರೊಳಗೆ ಸೇರಿಕೊಂಡರೆ, ಆ ಆಜ್ಞೆಯೂ ಹಗಲಿರುಳು ಪಠನವಾಗುತ್ತದೆ. ಈ ಅದಲುಬದಲನ್ನು ವಿಜ್ಞಾನಿಗಳು ೧೯೭೬ರಲ್ಲಿ ಗುರುತಿಸಿದರು. ಇದರಿಂದ ಗೆಡ್ಡೆ ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲದು.

ವೈರಸ್ಸು ಮಾಡುವುದೇನು? ಸಾಯಬೇಕಾದ ಕೆಟ್ಟ ಕಣವನ್ನು ಸಾಯಗೊಡದೆ ಉಳಿಸುತ್ತದೆ. ಆಫ್ರಿಕದಲ್ಲಿ ಮೇಲಿಂದ ಮೇಲೆ ಬರುವ ಮಲೇರಿಯವೂ ಇದಕ್ಕೆ ನೆರವಾಗುತ್ತದೆ. ಬೇರೆಡೆ ವೈರಸ್ಸಿಲ್ಲದೆಯೂ ಈ ರೋಗ ಬರುವುದುಂಟು; ಆದರೆ ಮಿಕ್ ಗರಿ ಸ್ಥಾನ ತಪ್ಪದೆ ಬರುವುದು ತೀರ ವಿರಳ.

ಈ ತಪ್ಪು ಮಗುವಿನ ಒಂದು ಕಣದಲ್ಲಿ ಹುಟ್ಟಿದ್ದು, ತಾಯಿತಂದೆಯರಿಂದ ಬಂದುದಲ್ಲ. ಆ ಕ್ಯಾನ್ಸರ್ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಆದುದರಿಂದ ಮುದ್ದೇಬಿಹಾಳವಾಗಲಿ, ಬಸವನ ಬಾಗೇವಾಡಿಯಾಗಲಿ, ಅಂಥ ಮಗುವಿನ ತಟ್ಟೆ-ಲೋಟ ಅಂಟೀತೆಂದು ಯಾರೂ ದೂರ ಸರಿಯಬೇಕಿಲ್ಲ, ತಾಯಿಯನ್ನು ದೂರಬೇಕಿಲ್ಲ.

ದವಡೆಯಾಗಲಿ ಹೊಟ್ಟೆಯಾಗಲಿ ದಿನದಿನಕ್ಕೆ ಊದುತ್ತಿದ್ದರೆ, ಹಲ್ಲಿನ ಬಾವು, ಜಂತು ಎಂದು ವಾರಗಳನ್ನು ಕಳೆಯದೆ ವಿಜಯಪುರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕ್ಯಾನ್ಸರಿಗೆಂದೇ ೧೯೭೩ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಕಲಬುರಗಿಯಲ್ಲಿ ಅದರ ಶಾಖೆಯಿದೆ. ಬೇಗ ಬೆಳೆಯುವ ಈ ಗೆಡ್ಡೆ ಔಷಧಕ್ಕೂ ಬೇಗ ಕರಗುತ್ತದೆ. ಸಕಾಲದಲ್ಲಿ ಪೂರ್ಣ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಹೆಚ್ಚಿನವರು ಗುಣಹೊಂದುತ್ತಾರೆ.